ಮೂತ್ರಪಿಂಡದ ಕಸಿ ಮಾಡಿಸಿಕೊಂಡವರ ಶ್ವಾಸಕೋಶಕ್ಕೆ ತಗಲುವ ಬೂಷ್ಟುರೋಗ

ಮೂತ್ರಪಿಂಡದ ಕಸಿ ಎಂಬ ಚಿಕಿತ್ಸೆಯು ನಮ್ಮ ಹಳ್ಳಿಗಳಿಗೆ ಈಗ ಅಪರಿಚಿತವಾದುದಲ್ಲ. ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿದ ಕಾರಣ ವಾರಕ್ಕೆ ಎರಡು ಮೂರು ಬಾರಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರು, ಮನೆಯವರೊಬ್ಬರು ಕೊಟ್ಟ ಒಂದು ಮೂತ್ರಪಿಂಡದ ಬಲದಿಂದ ಮತ್ತೆ ಹೊಲದ ಬದುವಿನ ಮೇಲೆ ನಡೆದಾಡುತ್ತಿರುವುದನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬಹುದು. 1954ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರ ತಂಡವು ಒಬ್ಬ ಅವಳಿ ಸೋದರನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಯಶಸ್ಸು ಪಡೆಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಶಸ್ತ್ರಚಿಕಿತ್ಸೆ ಸಫಲವಾಯಿತು. 1994ರ ಮಾನವ ಅಂಗಾಂಗ ಕಸಿ ಕಾನೂನು ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು ಇವರೊಡನೆ ಗಂಡ ಹೆಂಡಿರನ್ನೂ ಹತ್ತಿರದ ಸಂಬಂಧಿಕರೆಂದೇ ಎಣಿಸಿದೆ. ಜೀವಂತರಾಗಿದ್ದು ಮೂತ್ರಪಿಂಡವನ್ನು ದಾನ ಮಾಡುವವರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಹೆಂಡತಿಯರೂ ತಾಯಂದಿರೂ ಮುಖ್ಯರು. ಆದುದರಿಂದ ಕಸಿಯಾದ ಮೂತ್ರಪಿಂಡದ ಕ್ಷೇಮವು ಎಷ್ಟೋ ಮನೆಗಳಲ್ಲಿ ಗಂಡ ಹೆಂಡಿರಿಬ್ಬರ ದೇಹಕ್ಕೂ ಸೇರಿದ ವಿಷಯವಾಗಿದೆ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದೊಡನೆ ಕಷ್ಟವೆಲ್ಲ ಕಳೆಯಿತೆಂದು ಭಾವಿಸುವುದು ಸಹಜ. ಆದರೆ ಆ ಬಳಿಕವೂ ಕಾಡಬಹುದಾದ ಕೆಲವು ಸೋಂಕುಗಳಿವೆ. ಅವುಗಳಲ್ಲಿ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರ, ಅಂದರೆ ಬೂಷ್ಟಿನ ರೋಗವೂ ಒಂದು. ಕಸಿ ಮಾಡಿಸಿಕೊಂಡ ಎಲ್ಲರಿಗೂ ಇದು ಬರುವುದಿಲ್ಲ; ಕೆಲವರಿಗೆ ಮಾತ್ರ ಬರುತ್ತದೆ. ಬಂದಾಗ ಬೇಗ ಗುರುತಿಸದಿದ್ದರೆ ಪ್ರಾಣಾಪಾಯ ಉಂಟು. ಬೇಗ ಗುರುತಿಸಿದರೆ ವಾಸಿಯಾಗುವ ಔಷಧಿಗಳೂ ಉಂಟು.

ಬೂಷ್ಟು ಎಲ್ಲಿಂದ ಬರುತ್ತದೆ?

ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೆ, ಎರಡು ದಿನ ಮರೆತ ರೊಟ್ಟಿಯ ಮೇಲೆ, ಸರಿಯಾಗಿ ಒಣಗದ ಕಡಲೆಕಾಯಿಯ ಮೇಲೆ ಹಸಿರು, ಬಿಳಿ ಅಥವಾ ಕಪ್ಪು ಬಣ್ಣದ ನವಿರಾದ ಪುಡಿ ಬೆಳೆಯುವುದನ್ನು ನೀವೆಲ್ಲರೂ ಬಲ್ಲಿರಿ. ಆ ಪುಡಿಯ ಒಂದೊಂದು ಕಣವೂ ಬೂಷ್ಟಿನ ಬೀಜ. ಇವುಗಳಲ್ಲಿ ಶ್ವಾಸಕೋಶಕ್ಕೆ ಅತಿ ಹೆಚ್ಚು ಹಾನಿ ಮಾಡುವ ಜಾತಿಗೆ ಆಸ್ಪರ್ಜಿಲಸ್ ಎಂದು ಹೆಸರು. 1729ರಲ್ಲಿ ಇಟಲಿಯ ಮಿಕೆಲಿ ಎಂಬ ಪಾದ್ರಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಚರ್ಚಿನಲ್ಲಿ ತೀರ್ಥ ಪ್ರೋಕ್ಷಿಸುವ ಸಾಧನದಂತೆ ಅದು ಕಂಡಿತಾದ್ದರಿಂದ ಆ ಸಾಧನದ ಹೆಸರನ್ನೇ ಇಟ್ಟರು. ಇದರ ಬೀಜಕಣದ ಗಾತ್ರವು ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರ ಎರಡು ಮೂರು ಭಾಗದಷ್ಟು ಮಾತ್ರ. ಇಷ್ಟು ಸಣ್ಣದಾದುದರಿಂದಲೇ ಅದು ಮೂಗು ಗಂಟಲುಗಳಲ್ಲಿ ಸಿಕ್ಕಿಕೊಳ್ಳದೆ ಶ್ವಾಸಕೋಶದ ಕೊನೆಯ ಗೂಡಿನವರೆಗೂ ಹೋಗಬಲ್ಲದು.

ನಾವೆಲ್ಲರೂ ದಿನನಿತ್ಯ ಇಂತಹ ಬೀಜಕಣಗಳನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತಲೇ ಇದ್ದೇವೆ. ಆರೋಗ್ಯವಂತರ ಶ್ವಾಸಕೋಶದಲ್ಲಿರುವ ಬಿಳಿಯ ರಕ್ತಕಣಗಳ ಬಳಗವು ಅವುಗಳನ್ನು ಮೊಳೆಯುವ ಮೊದಲೇ ನುಂಗಿಹಾಕುತ್ತದೆ. ಕಣದಲ್ಲಿ ದಿನವಿಡೀ ರಾಗಿ ಬಡಿದ ರೈತನಿಗೂ ಇದರಿಂದ ಸಾಮಾನ್ಯವಾಗಿ ಏನೂ ಆಗದಿರುವುದಕ್ಕೆ ಕಾರಣ ಇದೇ.

ಕಸಿಯಾದವರಿಗೇ ಏಕೆ?

ನಮ್ಮ ದೇಹದ ರೋಗನಿರೋಧಕ ಶಕ್ತಿಯು ಹೊಲದ ಕಾವಲುಗಾರನಿದ್ದಂತೆ. ತನ್ನದಲ್ಲದ್ದು ಒಳಗೆ ಬಂದರೆ ಅದನ್ನು ಹೊಡೆದೋಡಿಸುವುದೇ ಅವನ ಕೆಲಸ. ಬಂದದ್ದು ಕಳ್ಳನೋ, ಉಪಕಾರಕ್ಕೆ ಬಂದ ನೆಂಟನೋ ಎಂಬ ವಿವೇಚನೆ ಅವನಿಗಿಲ್ಲ. ಹೆಂಡತಿಯೇ ಕೊಟ್ಟ ಮೂತ್ರಪಿಂಡವಾದರೂ ಗಂಡನ ದೇಹಕ್ಕೆ ಅದು ಪರಕೀಯ ವಸ್ತು. ಆದಕಾರಣ ಕಸಿಯಾದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಂತೆ, ಕಾವಲುಗಾರನ ಕೈಯನ್ನು ಅರ್ಧ ಕಟ್ಟಿಡುವ ಔಷಧಿಗಳನ್ನು ಪ್ರತಿದಿನವೂ, ಆ ಮೂತ್ರಪಿಂಡವು ಕೆಲಸ ಮಾಡುವಷ್ಟು ಕಾಲವೂ ಸೇವಿಸಬೇಕಾಗುತ್ತದೆ. ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಎಂಬ ಮೂರು ಗುಳಿಗೆಗಳು ಈಗ ಸಾಮಾನ್ಯವಾಗಿ ಬಳಕೆಯಲ್ಲಿವೆ. ಕೆಲವರಿಗೆ ಸೈಕ್ಲೋಸ್ಪೋರಿನ್ ಅಥವಾ ಅಜಥಯೊಪ್ರಿನ್ ಕೊಡುವುದುಂಟು. ಕೈ ಕಟ್ಟಿದ ಕಾವಲುಗಾರನ ಮುಂದೆಯೇ ಬೂಷ್ಟಿನ ಬೀಜ ಮೊಳೆತು, ನೂಲಿನಂತಹ ಎಳೆಗಳನ್ನು ಬಿಟ್ಟು, ರಕ್ತನಾಳಗಳನ್ನೇ ಕೊರೆದು ಒಳನುಗ್ಗುತ್ತದೆ. ನಾಳ ಮುಚ್ಚಿಹೋದ ಭಾಗದ ಶ್ವಾಸಕೋಶವು ರಕ್ತವಿಲ್ಲದೆ ಸಾಯುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಒಂದರಿಂದ ಆರು ತಿಂಗಳವರೆಗಿನ ಅವಧಿಯಲ್ಲಿ ಔಷಧಿಗಳ ಪ್ರಮಾಣ ಹೆಚ್ಚಾಗಿರುವುದರಿಂದ ಅಪಾಯವೂ ಹೆಚ್ಚು. ಆ ಬಳಿಕ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ತಿರಸ್ಕಾರ ಕಾಣಿಸಿಕೊಂಡು ಹೆಚ್ಚು ಪ್ರಬಲವಾದ ಔಷಧಿಗಳನ್ನು ಕೊಟ್ಟ ನಂತರದ ತಿಂಗಳುಗಳು ಮತ್ತೆ ಎಚ್ಚರದ ತಿಂಗಳುಗಳು. ಪ್ರೆಡ್ನಿಸೊಲೋನ್ ಮತ್ತು ಟ್ಯಾಕ್ರೋಲಿಮಸ್ ಇವೆರಡೂ ಕೆಲವರಲ್ಲಿ ಸಕ್ಕರೆ ಕಾಯಿಲೆಯನ್ನು ಹೊಸದಾಗಿ ತರಬಲ್ಲವು. ಹತೋಟಿಯಿಲ್ಲದ ಸಕ್ಕರೆಯು ಬೂಷ್ಟಿಗೆ, ಅದರಲ್ಲಿಯೂ ಮ್ಯೂಕರ್ ಎಂಬ ಜಾತಿಗೆ, ಬಾಗಿಲು ತೆರೆದುಕೊಟ್ಟಂತೆ. 2021ರಲ್ಲಿ ಕೋವಿಡ್ ರೋಗದ ಬೆನ್ನಿಗೆ ಬಂದ 'ಕಪ್ಪು ಶಿಲೀಂಧ್ರ' ರೋಗವನ್ನು ನೀವು ಮರೆತಿರಲಾರಿರಿ. ಅದನ್ನು ತಂದದ್ದು ಈ ಮ್ಯೂಕರ್ ಬಳಗವೇ. ಆಗ ಅದು ಹೆಚ್ಚಾಗಿ ಮೂಗು ಕಣ್ಣುಗಳನ್ನು ಹಿಡಿಯಿತು. ಕಸಿಯಾದವರಲ್ಲಿ ಶ್ವಾಸಕೋಶವನ್ನೂ ಹಿಡಿಯುವುದುಂಟು.

ಇವೆರಡಲ್ಲದೆ, ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬುದು ಶ್ವಾಸಕೋಶದಿಂದ ಮಿದುಳಿನ ಪೊರೆಗೆ ಹರಡಬಲ್ಲದು. ನ್ಯೂಮೊಸಿಸ್ಟಿಸ್ ಎಂಬ ಇನ್ನೊಂದು ಎರಡೂ ಶ್ವಾಸಕೋಶಗಳಲ್ಲಿ ಒಮ್ಮೆಗೇ ಹರಡಿ, ಒಣಕೆಮ್ಮು ಮತ್ತು ಏದುಸಿರನ್ನು ಉಂಟುಮಾಡುತ್ತದೆ.

ಲಕ್ಷಣಗಳು

ಈ ರೋಗವು ಆರಂಭದಲ್ಲಿ ದೊಡ್ಡ ಗದ್ದಲ ಮಾಡುವುದಿಲ್ಲ. ಪ್ರೆಡ್ನಿಸೊಲೋನ್ ಜ್ವರವನ್ನು ಅಡಗಿಸುವ ಗುಣವುಳ್ಳದ್ದಾದುದರಿಂದ ಮೈ ಸ್ವಲ್ಪ ಬೆಚ್ಚಗಾಗುವುದಷ್ಟೇ ಕಾಣಬಹುದು. ಕೆಲವರಲ್ಲಿ ಅದೂ ಕಾಣದು. ಒಂದು ವಾರಕ್ಕೂ ಮೀರಿದ ಕೆಮ್ಮು, ಉಸಿರೆಳೆದಾಗ ಎದೆಯ ಒಂದು ಪಕ್ಕದಲ್ಲಿ ಚುಚ್ಚುವ ನೋವು, ಕಫದಲ್ಲಿ ರಕ್ತದ ಎಳೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಊಟ ಸೇರದಿರುವುದು, ತೂಕ ಇಳಿಯುವುದು ಇವುಗಳಲ್ಲಿ ಯಾವುದೊಂದು ಕಂಡರೂ ಕಸಿ ಮಾಡಿಸಿಕೊಂಡವರು ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಕಫದಲ್ಲಿ ರಕ್ತ ಕಂಡರೆ ಅಥವಾ ಉಸಿರಾಟ ಕಷ್ಟವಾದರೆ ಅದೇ ದಿನ ಹೊರಡಬೇಕು. ರಾತ್ರಿಯಾದರೂ 108 ವಾಹನವನ್ನು ಕರೆಯಿರಿ. ಕೆಮ್ಮಿನೊಡನೆ ತಲೆನೋವು, ವಾಂತಿ, ಮಂಪರು ಇದ್ದರೂ ಹಾಗೆಯೇ.

ಬೇರೆಯವರಿಗೆ ಮೂರು ದಿನ ಕಷಾಯ ಕುಡಿದು ನೋಡೋಣ ಎನ್ನಬಹುದಾದ ಕೆಮ್ಮು ಇವರಿಗೆ ಹಾಗಲ್ಲ. ಗಂಡಸರು ಇದನ್ನು ಮುಚ್ಚಿಡುವುದನ್ನು ನಾನು ಬಹಳ ಕಂಡಿದ್ದೇನೆ. ಆಸ್ಪತ್ರೆಯ ಖರ್ಚಿಗಾಗಿ ಈಗಾಗಲೇ ಸಾಲವಾಗಿದೆ, ಮತ್ತೆ ಹೆಂಡತಿಯನ್ನು ಕಂಗೆಡಿಸುವುದು ಬೇಡ ಎಂಬ ಸಂಕೋಚ ಅವರದು. ಮೂತ್ರಪಿಂಡ ಪಡೆದವಳು ಹೆಂಡತಿಯಾದರೆ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಗ್ಗಿ ಮುಗಿಯಲಿ ಎನ್ನುತ್ತಾಳೆ. ಆದುದರಿಂದ ಕೆಮ್ಮನ್ನು ಗಮನಿಸುವ ಹೊಣೆಯನ್ನು ಜೊತೆಯಲ್ಲಿ ಮಲಗುವವರೇ ಹೊತ್ತುಕೊಳ್ಳುವುದು ಲೇಸು.

ಪರೀಕ್ಷೆಗಳು

ಎದೆಯ ಎಕ್ಸ್-ರೇ ಚಿತ್ರದಲ್ಲಿ ಆರಂಭದಲ್ಲಿ ಏನೂ ಕಾಣದಿರಬಹುದು. ಸಿ.ಟಿ. ಸ್ಕ್ಯಾನ್ ಚಿತ್ರದಲ್ಲಿ ಗಂಟುಗಳು, ಗಂಟಿನ ಸುತ್ತ ಚಂದ್ರನ ಸುತ್ತಲಿನ ಗುಡಿಯಂತೆ ಮಸುಕಾದ ಉಂಗುರ, ಅಥವಾ ಒಳಗೆ ಟೊಳ್ಳಾದ ಗುಳಿಗಳು ಕಾಣಬಹುದು. ಆದರೆ ಇವು ಬೂಷ್ಟಿನವೋ ಕ್ಷಯದವೋ ಎಂದು ಚಿತ್ರವೊಂದರಿಂದಲೇ ಹೇಳಲಾಗದು. ಅದಕ್ಕಾಗಿ ಕಫವನ್ನು ಪರೀಕ್ಷಿಸುತ್ತಾರೆ. ಸಣ್ಣ ಕೊಳವೆಯನ್ನು ಮೂಗು ಅಥವಾ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿ, ಒಳಗೆ ಸ್ವಲ್ಪ ಉಪ್ಪುನೀರು ಬಿಟ್ಟು, ಮರಳಿ ಹೀರಿ ತೆಗೆದು ನೋಡುತ್ತಾರೆ. ಇದಕ್ಕೆ ಬ್ರಾಂಕೊಸ್ಕೊಪಿ ಎನ್ನುವರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಗಂಟಲಿಗೆ ಮರಗಟ್ಟುವ ಔಷಧಿಯನ್ನು ಸಿಂಪಡಿಸಿಯೇ ಮಾಡುತ್ತಾರೆ. ಆಸ್ಪರ್ಜಿಲಸ್ ಬೂಷ್ಟು ಬಿಡುವ ಗ್ಯಾಲಕ್ಟೊಮನಾನ್ ಎಂಬ ವಸ್ತುವನ್ನು ಆ ನೀರಿನಲ್ಲಿ ಹುಡುಕುವ ಪರೀಕ್ಷೆ ಈಗ ಲಭ್ಯವಿದೆ. ಮ್ಯೂಕರ್ ಬಳಗವನ್ನು ಅದು ತೋರಿಸದಾದ್ದರಿಂದ, ಕೆಲವೊಮ್ಮೆ ಗಂಟಿನ ಚೂರನ್ನೇ ಸೂಜಿಯಿಂದ ತೆಗೆದು ನೋಡಬೇಕಾಗುವುದು. ಯಾವ ಜಾತಿಯ ಬೂಷ್ಟು ಎಂದು ತಿಳಿಯದೆ ಔಷಧಿ ಕೊಡುವುದು ಬೀಗ ನೋಡದೆ ಬೀಗದ ಕೈ ಆರಿಸಿದಂತಾಗುತ್ತದೆ. ಒಂದಕ್ಕೆ ನಾಟುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ರೋಗಿಯ ಸ್ಥಿತಿ ಕೆಟ್ಟಿದ್ದರೆ ಮಾತ್ರ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆಯನ್ನು ಆರಂಭಿಸುವರು.

ಚಿಕಿತ್ಸೆ

ಆಸ್ಪರ್ಜಿಲಸ್ ರೋಗಕ್ಕೆ ಈಗ ಮೊದಲು ಆರಿಸುವ ಔಷಧಿ ವೊರಿಕೊನಜೋಲ್. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹಳೆಯ ಔಷಧಿಯಾದ ಆಂಫೊಟೆರಿಸಿನ್ ಪಡೆದ ನೂರು ಜನರಲ್ಲಿ 58 ಮಂದಿ ಹನ್ನೆರಡು ವಾರಗಳ ನಂತರ ಬದುಕಿದ್ದರೆ, ವೊರಿಕೊನಜೋಲ್ ಪಡೆದವರಲ್ಲಿ 71 ಮಂದಿ ಬದುಕಿದ್ದರು. ಆ ಅಧ್ಯಯನದ ರೋಗಿಗಳಲ್ಲಿ ಹೆಚ್ಚಿನವರು ರಕ್ತದ ಕ್ಯಾನ್ಸರಿನಂತಹ ರೋಗಗಳುಳ್ಳವರು. ಆದರೂ ಕಸಿಯಾದವರಿಗೆ ಚಿಕಿತ್ಸೆ ಆರಿಸುವಾಗಲೂ ಆ ಅನುಭವವೇ ಆಧಾರವಾಗಿದೆ. ಈ ಗುಳಿಗೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾದ ಒಂದು ಗಂಟೆಯ ನಂತರ ತೆಗೆದುಕೊಳ್ಳಬೇಕು. ಸೇವಿಸಿದ ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದು, ಬಣ್ಣಗಳು ಬೇರೆಯಾಗಿ ಕಾಣುವುದು ಉಂಟು. ಅದು ತಾನಾಗಿ ಸರಿಹೋಗುತ್ತದೆ. ಆ ಹೊತ್ತಿನಲ್ಲಿ, ವಿಶೇಷವಾಗಿ ರಾತ್ರಿ, ಮೋಟಾರ್ ಸೈಕಲ್ ಓಡಿಸತಕ್ಕದ್ದಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ಹೊಲಕ್ಕೆ ಹೋಗುವವರು ತುಂಬು ತೋಳಿನ ಅಂಗಿ ತೊಟ್ಟು ತಲೆಗೆ ವಲ್ಲಿ ಸುತ್ತಿಕೊಳ್ಳಬೇಕು. ಯಕೃತ್ತಿಗೆ ತೊಂದರೆಯಾಗುತ್ತಿದೆಯೇ ಎಂದೂ, ಔಷಧಿಯು ರಕ್ತದಲ್ಲಿ ತಕ್ಕಷ್ಟು ಇದೆಯೇ ಎಂದೂ ಆಗಾಗ ರಕ್ತ ತೆಗೆದು ನೋಡುತ್ತಾರೆ. ಮೇಲಿಂದ ಮೇಲೆ ರಕ್ತ ತೆಗೆಯುತ್ತಾರೆಂದು ಬೇಸರಿಸಬೇಡಿ.

ಮ್ಯೂಕರ್ ರೋಗಕ್ಕೆ ವೊರಿಕೊನಜೋಲ್ ಸ್ವಲ್ಪವೂ ಉಪಯೋಗವಿಲ್ಲ. ಅದಕ್ಕೆ ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಎಂಬ ಔಷಧಿಯನ್ನು ಪ್ರತಿದಿನವೂ ಗ್ಲೂಕೋಸಿನೊಡನೆ ರಕ್ತನಾಳಕ್ಕೆ ನಿಧಾನವಾಗಿ ಏರಿಸಬೇಕು. ಕೊಳೆತ ಭಾಗವು ಒಂದೇ ಕಡೆ ಇದ್ದರೆ ಶಸ್ತ್ರಚಿಕಿತ್ಸೆಯಿಂದ ಶ್ವಾಸಕೋಶದ ಆ ಹೋಳನ್ನು ತೆಗೆದುಹಾಕುವುದೂ ಅಗತ್ಯವಾಗಬಹುದು. ಆಂಫೊಟೆರಿಸಿನ್ ಪ್ರಬಲವಾದ ಔಷಧಿ. ಆದರೆ ಅದರ ದೋಷವೆಂದರೆ ಮೂತ್ರಪಿಂಡಕ್ಕೇ ಪೆಟ್ಟು ಕೊಡುವುದು. ಲೈಪೊಸೋಮಲ್ ಎಂಬ ಬಗೆಯಲ್ಲಿ ಈ ಪೆಟ್ಟು ಕಡಿಮೆ, ಬೆಲೆ ಮಾತ್ರ ಬಹಳ ಹೆಚ್ಚು. ಏರಿಸುವಾಗ ಚಳಿ ನಡುಕ ಬರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಬಹುದು. ಸ್ಥಿತಿ ಸುಧಾರಿಸಿದ ಮೇಲೆ ಪೊಸಕೊನಜೋಲ್ ಅಥವಾ ಐಸವುಕೊನಜೋಲ್ ಗುಳಿಗೆಗಳಿಗೆ ಬದಲಾಯಿಸುವರು.

ಕ್ರಿಪ್ಟೊಕಾಕಸ್ ರೋಗವು ಶ್ವಾಸಕೋಶದಲ್ಲಿ ಮಾತ್ರ, ಅದೂ ಸೌಮ್ಯವಾಗಿ ಇದ್ದರೆ ಫ್ಲುಕೊನಜೋಲ್ ಗುಳಿಗೆಯನ್ನು ಆರರಿಂದ ಹನ್ನೆರಡು ತಿಂಗಳು ಕೊಡುವುದುಂಟು. ಮಿದುಳಿನ ಪೊರೆಗೆ ಹರಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಬೆನ್ನಿನ ನೀರನ್ನು ಪರೀಕ್ಷಿಸಬೇಕಾಗುತ್ತದೆ. ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಮಾತು ನಿರಾಧಾರವಾದುದು. ನ್ಯೂಮೊಸಿಸ್ಟಿಸ್ ರೋಗಕ್ಕೆ ಕೋ-ಟ್ರೈಮಾಕ್ಸಜೋಲ್ ಎಂಬ ಅಗ್ಗದ, ಹಳೆಯ ಔಷಧಿಯೇ ರಾಮಬಾಣ. ಕಸಿಯಾದ ನಂತರ ಆರರಿಂದ ಹನ್ನೆರಡು ತಿಂಗಳವರೆಗೆ ಈ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಮುನ್ನೆಚ್ಚರಿಕೆಗಾಗಿ ಬರೆದುಕೊಡುವುದು ಇದಕ್ಕಾಗಿಯೇ. ಕಾಯಿಲೆ ಏನೂ ಇಲ್ಲವಲ್ಲ ಎಂದು ಅದನ್ನು ನಡುವೆ ಬಿಟ್ಟುಬಿಡುವವರಿದ್ದಾರೆ. ಬೆಲೆ ಕಡಿಮೆಯಾದ ಗುಳಿಗೆಗೆ ಗೌರವವೂ ಕಡಿಮೆ.

ಚಿಕಿತ್ಸೆಯ ಅವಧಿ ದೀರ್ಘವಾದುದು. ಆಸ್ಪರ್ಜಿಲಸ್ ರೋಗಕ್ಕೆ ಕನಿಷ್ಠ ಆರರಿಂದ ಹನ್ನೆರಡು ವಾರ. ಅನೇಕರಿಗೆ ಇನ್ನೂ ಹೆಚ್ಚು. ಔಷಧಿ ಆರಂಭಿಸಿದ ಮೊದಲ ವಾರ ಹತ್ತು ದಿನಗಳಲ್ಲಿ ಸ್ಕ್ಯಾನ್ ಚಿತ್ರದ ಗಂಟು ಮೊದಲಿಗಿಂತ ದೊಡ್ಡದಾಗಿ ಕಾಣುವುದುಂಟು. ರೋಗಿಯು ಚೇತರಿಸಿಕೊಳ್ಳುತ್ತಿದ್ದರೆ ಇದರಿಂದ ಗಾಬರಿಯಾಗಿ ಆಸ್ಪತ್ರೆ ಬದಲಾಯಿಸತಕ್ಕದ್ದಲ್ಲ.

ಒಂದು ಔಷಧಿಯು ಇನ್ನೊಂದನ್ನು ಕೆಣಕುವ ಬಗೆ

ಈ ಭಾಗವನ್ನು ದಂಪತಿಗಳಿಬ್ಬರೂ ಎರಡು ಸಲ ಓದಬೇಕೆಂದು ನನ್ನ ಕೋರಿಕೆ. ಟ್ಯಾಕ್ರೋಲಿಮಸ್ ಗುಳಿಗೆಯನ್ನು ಕರಗಿಸಿ ಹೊರಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನದು. ವೊರಿಕೊನಜೋಲ್, ಪೊಸಕೊನಜೋಲ್ ಮುಂತಾದ ಬೂಷ್ಟಿನ ಔಷಧಿಗಳು ಯಕೃತ್ತಿನ ಆ ಕೆಲಸವನ್ನು ತಡೆಯುತ್ತವೆ. ಆಗ ಟ್ಯಾಕ್ರೋಲಿಮಸ್ ದೇಹದಲ್ಲಿ ಉಳಿದು ಉಳಿದು, ತೂಬು ಮುಚ್ಚಿದ ಕೆರೆಯಂತೆ ಏರುತ್ತದೆ. ಹಾಗೆ ಏರಿದ ಟ್ಯಾಕ್ರೋಲಿಮಸ್ ಕೈನಡುಕವನ್ನು ತಂದು, ಕಸಿಯಾದ ಮೂತ್ರಪಿಂಡವನ್ನೇ ಹಾಳುಮಾಡುತ್ತದೆ. ಆದುದರಿಂದ ವೊರಿಕೊನಜೋಲ್ ಆರಂಭಿಸುವ ದಿನವೇ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಸಿ, ರಕ್ತ ಪರೀಕ್ಷೆ ಮಾಡುತ್ತ ಹೊಂದಿಸುತ್ತಾರೆ. ವೊರಿಕೊನಜೋಲ್ ನಿಲ್ಲಿಸುವ ದಿನ ಇದು ತಿರುಗುಮುರುಗಾಗುತ್ತದೆ. ತೂಬು ತೆರೆದಂತಾಗಿ ಟ್ಯಾಕ್ರೋಲಿಮಸ್ ಇಳಿದುಹೋಗುವುದರಿಂದ ಪ್ರಮಾಣವನ್ನು ಮತ್ತೆ ಏರಿಸದಿದ್ದರೆ ತಿರಸ್ಕಾರದ ಭಯವಿದೆ. ಆದಕಾರಣ ಗುಳಿಗೆ ಮುಗಿಯಿತೆಂದು ನೀವಾಗಿ ನಿಲ್ಲಿಸಬಾರದು, ಮತ್ತೊಬ್ಬರ ಚೀಟಿ ನೋಡಿ ಮುಂದುವರಿಸಲೂಬಾರದು. ನಮ್ಮ ದೇವನಹಳ್ಳಿಯ ಚಕ್ಕೋತ ಹಣ್ಣು ಕೂಡ ಟ್ಯಾಕ್ರೋಲಿಮಸ್ಸನ್ನು ಹೀಗೆಯೇ ಏರಿಸಬಲ್ಲದಾದ್ದರಿಂದ, ರುಚಿಯಾದ ಹಣ್ಣಾದರೂ ಕಸಿಯಾದವರು ಅದನ್ನು ಬಿಡಬೇಕು.

ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧಿಯದು ಇದಕ್ಕೆ ವಿರುದ್ಧವಾದ ನಡತೆ. ಅದು ಯಕೃತ್ತನ್ನು ಚುರುಕುಗೊಳಿಸಿ ಟ್ಯಾಕ್ರೋಲಿಮಸ್ಸನ್ನೂ ವೊರಿಕೊನಜೋಲನ್ನೂ ಬೇಗ ಹೊರಹಾಕಿಸುತ್ತದೆ. ನಮ್ಮ ದೇಶದಲ್ಲಿ ಕ್ಷಯ ಸಾಮಾನ್ಯವಾದುದರಿಂದ, ಕೆಮ್ಮು ಮತ್ತು ಕಫದಲ್ಲಿ ರಕ್ತ ಎಂದೊಡನೆ ಕ್ಷಯವೆಂದು ಎಣಿಸುವುದೂ ಸಾಮಾನ್ಯ. ನಾನು ಕೆಲಸ ಮಾಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೆಂಡತಿಯಿಂದ ಮೂತ್ರಪಿಂಡ ಪಡೆದಿದ್ದ ಒಬ್ಬ ರೈತರು ಬಂದಿದ್ದರು. ಕಸಿಯಾಗಿ ಏಳು ತಿಂಗಳು. ಹುಲ್ಲಿನ ಬಣವೆ ಬಿಚ್ಚಿ ಹೊಸದಾಗಿ ಒಟ್ಟಿದ ಮೂರು ವಾರಗಳ ಮೇಲೆ ಕೆಮ್ಮು ಹತ್ತಿತ್ತು. ಪಟ್ಟಣದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಕಫವನ್ನೂ ಪರೀಕ್ಷಿಸದೆ ಕ್ಷಯದ ಗುಳಿಗೆ ಕೊಟ್ಟಿದ್ದರು. ಆ ತಾಯಿ ಮಾತ್ರ ಮನೆಯಲ್ಲಿದ್ದ ಗುಳಿಗೆಗಳ ಎಲ್ಲ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು. "ಸಾರ್, ಈ ಕೆಂಪು ಗುಳಿಗೆ ಶುರುವಾದ ಮೇಲೆ ಇವರ ಕಾಲು ಊದ್ತಾ ಇದೆ. ಕಿಡ್ನಿ ಡಾಕ್ಟರಿಗೆ ಇದು ಗೊತ್ತಿಲ್ಲ" ಎಂದರು. ಅವರು ಹೇಳಿದುದು ಸರಿಯಾಗಿಯೇ ಇತ್ತು. ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಮೂತ್ರಪಿಂಡದ ಕೆಲಸ ತಗ್ಗಿತ್ತು. ಕಸಿ ಮಾಡಿದ ಆಸ್ಪತ್ರೆಗೆ ಅದೇ ದಿನ ದೂರವಾಣಿಯಲ್ಲಿ ತಿಳಿಸಿ ಕಳುಹಿಸಿದೆವು. ಅಲ್ಲಿ ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ. ಶ್ವಾಸನಾಳದ ನೀರಿನಲ್ಲಿ ಆಸ್ಪರ್ಜಿಲಸ್ ಸಿಕ್ಕಿತು. ರಿಫಾಂಪಿಸಿನ್ ನಿಲ್ಲಿಸಿದರೂ ಅದರ ಪ್ರಭಾವ ಇಳಿಯಲು ಸುಮಾರು ಎರಡು ವಾರ ಬೇಕಾಗುವುದರಿಂದ ಕೂಡಲೇ ವೊರಿಕೊನಜೋಲ್ ಕೊಡುವಂತಿರಲಿಲ್ಲ. ಆ ಎರಡು ವಾರ ಆಂಫೊಟೆರಿಸಿನ್ ಕೊಟ್ಟು, ಬಳಿಕ ಗುಳಿಗೆಗೆ ಬದಲಾಯಿಸಿದರು. ನಾಲ್ಕು ತಿಂಗಳ ಚಿಕಿತ್ಸೆಯ ಮೇಲೆ ಗುಣವಾಯಿತು. ಮೂತ್ರಪಿಂಡವು ಮೊದಲಿನಷ್ಟು ಚೆನ್ನಾಗಿ ಅಲ್ಲದಿದ್ದರೂ ಕೆಲಸ ಮಾಡುತ್ತಿದೆ. ಅವರಿಗೆ ಕ್ಷಯವೇ ಇದ್ದಿದ್ದರೂ ಕಸಿಯ ವೈದ್ಯರನ್ನು ಕೇಳಿಯೇ ಗುಳಿಗೆ ಆರಿಸಬೇಕಾಗುತ್ತಿತ್ತು. ರಿಫಾಂಪಿಸಿನ್ ಇಲ್ಲದ ಚಿಕಿತ್ಸಾಕ್ರಮಗಳೂ ಇವೆ.

ಮೂತ್ರಪಿಂಡವೋ ಪ್ರಾಣವೋ ಎಂಬ ಸಂದರ್ಭ

ಸೋಂಕು ಬಲವಾದಾಗ ಕಾವಲುಗಾರನ ಕೈಯ ಕಟ್ಟನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಸಾಮಾನ್ಯವಾಗಿ ಮೊದಲು ಮೈಕೋಫಿನೊಲೇಟ್ ಅಥವಾ ಅಜಥಯೊಪ್ರಿನ್ ಗುಳಿಗೆಯನ್ನು ತಗ್ಗಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ಹೆಚ್ಚು ಸಡಿಲಿಸಿದರೆ ಮೂತ್ರಪಿಂಡಕ್ಕೆ ತಿರಸ್ಕಾರ, ಸಡಿಲಿಸದಿದ್ದರೆ ಬೂಷ್ಟಿಗೆ ಬಲ. ಎಷ್ಟು ಸಡಿಲಿಸಬೇಕೆಂಬುದನ್ನು ನಿರ್ಧರಿಸಬೇಕಾದವರು ಮೂತ್ರಪಿಂಡ ತಜ್ಞರು ಮಾತ್ರ. ಪ್ರಾಥಮಿಕ ಕೇಂದ್ರದ ವೈದ್ಯರಾದ ನಾವೂ ಅಲ್ಲ, ಔಷಧಿ ಅಂಗಡಿಯವರಂತೂ ಅಲ್ಲವೇ ಅಲ್ಲ. ಪ್ರೆಡ್ನಿಸೊಲೋನ್ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವುದು ಬೇರೊಂದು ಬಗೆಯಲ್ಲಿ ಪ್ರಾಣಾಪಾಯಕರ.

ತೀರ ಕೆಲವರಲ್ಲಿ, ಮೂತ್ರಪಿಂಡವನ್ನು ಉಳಿಸಹೊರಟರೆ ಮನುಷ್ಯ ಉಳಿಯುವುದಿಲ್ಲ ಎಂಬ ಘಟ್ಟ ಬರುತ್ತದೆ. ಆಗ ವೈದ್ಯರು ಕಟ್ಟನ್ನು ಪೂರ್ತಿ ಬಿಚ್ಚುವ ಸಲಹೆ ಕೊಡಬಹುದು. ಅಂದರೆ ಮೂತ್ರಪಿಂಡ ಹೋದರೂ ಹೋಗಲಿ, ಪ್ರಾಣ ಉಳಿಸಿಕೊಂಡು ಮತ್ತೆ ಡಯಾಲಿಸಿಸ್‌ಗೆ ಮರಳೋಣ ಎಂದು. ಈ ಮಾತನ್ನು ಕೇಳುವುದು ಕೊಟ್ಟವರಿಗೂ ಪಡೆದವರಿಗೂ ಬಹಳ ಕಠಿಣ. ತಾನು ಕೊಟ್ಟದ್ದು ವ್ಯರ್ಥವಾಯಿತೆಂದು ಹೆಂಡತಿ ಕೊರಗುವುದು, ಅವಳ ತ್ಯಾಗವನ್ನು ಉಳಿಸಿಕೊಳ್ಳಲಾಗಲಿಲ್ಲವೆಂದು ಗಂಡ ಔಷಧಿ ಬದಲಿಸಲು ಒಪ್ಪದಿರುವುದು ಎರಡೂ ನಡೆಯುತ್ತವೆ. ಮೂತ್ರಪಿಂಡವನ್ನು ಕೊಟ್ಟದ್ದು ಆ ಮನುಷ್ಯ ಬದುಕಲಿ ಎಂದು. ಡಯಾಲಿಸಿಸ್ ಮೇಲೆ ಬದುಕುವುದು ಕಷ್ಟವಾದರೂ ಬದುಕೇ. ಸೋಂಕು ಪೂರ್ತಿ ಗುಣವಾದ ಮೇಲೆ ಕೆಲವರಿಗೆ ಎರಡನೆಯ ಕಸಿಯೂ ಸಾಧ್ಯ. ಇಂತಹ ತೀರ್ಮಾನದ ದಿನ ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ವೈದ್ಯರ ಮಾತನ್ನು ಕೇಳಬೇಕು. ಹೊರಗೆ ನಿಂತ ನೆಂಟರಿಗೆ ಮಾತ್ರ ಹೇಳಿಸಿ ಕಳುಹಿಸುವ ಪದ್ಧತಿ ನನಗೆ ಸರಿಬಾರದು.

ಆಸ್ಪರ್ಜಿಲಸ್ ಮತ್ತು ಮ್ಯೂಕರ್ ರೋಗಗಳು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗುವುದಕ್ಕೂ, ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಖರ್ಚಿನ ವಿಷಯದಲ್ಲಿ, ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಕಂಡು, ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಯಾವ ಔಷಧಿಗೆ ನೆರವಿದೆ ಎಂದು ಕೇಳಿ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಜೊತೆಯಲ್ಲಿರಲಿ.

ಹಳ್ಳಿಯ ಮನೆಯಲ್ಲಿ ಎಚ್ಚರಿಕೆಗಳು

ಬೂಷ್ಟಿನ ರೋಗಕ್ಕೆ ಲಸಿಕೆ ಇಲ್ಲ. ಗಾಳಿಯಲ್ಲಿರುವ ಬೀಜಕಣಗಳನ್ನು ಪೂರ್ತಿ ತಪ್ಪಿಸುವುದೂ ಅಸಾಧ್ಯ. ರಾಶಿ ರಾಶಿಯಾಗಿ ಒಳಗೆಳೆದುಕೊಳ್ಳುವ ಸಂದರ್ಭಗಳನ್ನು ತಪ್ಪಿಸುವುದು ಮಾತ್ರ ಸಾಧ್ಯ. ಒದ್ದೆಯಾಗಿ ಬಿಸಿಯೇರಿದ ಹುಲ್ಲಿನ ಬಣವೆ ಬಿಚ್ಚುವುದು, ತಿಪ್ಪೆ ಕೆದಕಿ ಗೊಬ್ಬರ ಹೊರುವುದು, ಬೂಷ್ಟು ಹಿಡಿದ ಕಾಳು ಕೇರುವುದು, ಕಣದಲ್ಲಿ ತೂರುವುದು, ಹಳೆಯ ಮಣ್ಣಿನ ಗೋಡೆ ಕೆಡವುವುದು, ಅಟ್ಟದ ಧೂಳು ಹೊಡೆಯುವುದು, ಪಾರಿವಾಳ ಕೋಳಿಗಳ ಗೂಡು ಅಥವಾ ಬಾವಲಿಗಳಿರುವ ಹಾಳು ಕಟ್ಟಡ ಗುಡಿಸುವುದು ಈ ಕೆಲಸಗಳನ್ನು ಕಸಿಯಾದವರು ಮೊದಲ ಒಂದು ವರ್ಷ ಮಾಡಲೇಬಾರದು. ಆನಂತರವೂ ಮನೆಯ ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಹಗೇವಿನ ಬಾಯಿ ತೆರೆಯುವ ದಿನ ಅವರು ಹತ್ತಿರವೂ ಇರಬಾರದು. ಬೇರೆ ದಾರಿಯೇ ಇಲ್ಲದೆ ಧೂಳಿಗೆ ಹೋಗಬೇಕಾದರೆ ಎನ್-95 ಎಂಬ ಮುಖಗವಸನ್ನು ಮೂಗಿಗೆ ಬಿಗಿಯಾಗಿ ಹಾಕಿಕೊಳ್ಳಬೇಕು. ಟವೆಲಿನ ಬಟ್ಟೆ ಕಟ್ಟಿಕೊಂಡರೆ ಸಾಲದು; ಅದರ ನೂಲಿನ ಸಂದಿಗಳು ಬೂಷ್ಟಿನ ಬೀಜಕ್ಕೆ ಹೆಬ್ಬಾಗಿಲಿದ್ದಂತೆ.

ನೀರು ಹಾಕುವುದು, ಹಾಲು ಕರೆಯುವುದು, ಪೈರು ನೋಡಿಬರುವುದು, ಲೆಕ್ಕಪತ್ರ, ಸಂತೆ ವ್ಯವಹಾರ ಇವುಗಳಿಗೆ ಅಡ್ಡಿಯಿಲ್ಲ. ಹೀಗೆ ಕೆಲಸ ಹಂಚಿಕೊಂಡಾಗ ಮೂತ್ರಪಿಂಡ ಕೊಟ್ಟ ಹೆಂಡತಿಯ ಮೇಲೆಯೇ ಎಲ್ಲ ಭಾರ ಬೀಳದಂತೆ ನೋಡಿಕೊಳ್ಳಿ. ಅವಳಿಗೂ ಶಸ್ತ್ರಚಿಕಿತ್ಸೆಯಾಗಿದೆ. ಅವಳೂ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರವನ್ನು ಪರೀಕ್ಷಿಸಿಕೊಳ್ಳಬೇಕು. ಬೀಡಿ, ಸಿಗರೇಟು, ಗಾಂಜಾ ಬೇಡ. ಗಾಂಜಾ ಸೊಪ್ಪಿನಲ್ಲಿಯೇ ಆಸ್ಪರ್ಜಿಲಸ್ ಬೀಜಕಣಗಳಿರುತ್ತವೆ. ಹೆಸರಿಲ್ಲದ ಪುಡಿ ಭಸ್ಮಗಳೂ ಬೇಡ.

ಸಂತಾನದ ವಿಷಯ

ಮೂತ್ರಪಿಂಡ ಕೆಟ್ಟಿದ್ದಾಗ ಅನೇಕ ಹೆಂಗಸರಿಗೆ ಮುಟ್ಟು ನಿಂತಿರುತ್ತದೆ. ಕಸಿಯಾದ ಒಂದೆರಡು ತಿಂಗಳಲ್ಲಿಯೇ ಗರ್ಭ ಧರಿಸುವ ಶಕ್ತಿ ಮರಳಬಹುದು. ಮುಟ್ಟು ಕಾಣಿಸಿಕೊಳ್ಳುವ ಮೊದಲೇ ಗರ್ಭ ನಿಲ್ಲಲೂಬಹುದು. ಕಸಿಯ ನಂತರ ತಾಯಿಯಾಗುವುದು ಅಸಾಧ್ಯವೇನಲ್ಲ. ಅವಳಿ ಸೋದರಿಯ ಮೂತ್ರಪಿಂಡ ಪಡೆದಿದ್ದ ಅಮೆರಿಕದ ಈಡಿತ್ ಹೆಲ್ಮ್ ಎಂಬಾಕೆ 1958ರಲ್ಲಿಯೇ ಮಗುವನ್ನು ಹೆತ್ತರು. ಆದರೆ ಕನಿಷ್ಠ ಒಂದು ವರ್ಷ ಕಳೆದು, ಮೂತ್ರಪಿಂಡ ಸ್ಥಿರವಾಗಿದೆ, ಸೋಂಕು ಇಲ್ಲ ಎಂದು ತಜ್ಞರು ಹೇಳಿದ ಮೇಲೆಯೇ ಗರ್ಭ ಧರಿಸಬೇಕು. ಮೈಕೋಫಿನೊಲೇಟ್ ಗುಳಿಗೆಯು ಗರ್ಭಪಾತವನ್ನೂ ಶಿಶುವಿನ ಕಿವಿ ತುಟಿಗಳ ವಿಕಾರವನ್ನೂ ಉಂಟುಮಾಡಬಲ್ಲದು. ಆದುದರಿಂದ ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲು ಅದನ್ನು ಬಿಡಿಸಿ ಅಜಥಯೊಪ್ರಿನ್ ಕೊಡುತ್ತಾರೆ. ವೊರಿಕೊನಜೋಲ್ ಕೂಡ ಗರ್ಭಸ್ಥ ಶಿಶುವಿಗೆ ಹಾನಿಕರ. ಬೂಷ್ಟುರೋಗಕ್ಕೆ ಚಿಕಿತ್ಸೆ ನಡೆಯುತ್ತಿರುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ನಿಂತಿರುವ ಸಂಶಯವಿದ್ದರೆ ಆ ವಾರವೇ ತಿಳಿಸಿದರೆ ಔಷಧಿಯನ್ನು ಆಂಫೊಟೆರಿಸಿನ್‌ಗೆ ಬದಲಾಯಿಸಬಹುದು.

ಕಸಿಯಾದ ಹೆಂಗಸರಲ್ಲಿ ರಕ್ತದೊತ್ತಡ ಇರುವುದು ಹೆಚ್ಚಾದ ಕಾರಣ ನುಂಗುವ ಸಂತಾನ ನಿಯಂತ್ರಣ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು. ನಿರೋಧ್ ಬಳಸಬಹುದು. ಮೂತ್ರಪಿಂಡವು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಕಾಪರ್-ಟಿ ಹಾಕಿಸಿಕೊಳ್ಳಲೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮಕ್ಕಳು ಸಾಕೆನ್ನುವವರಲ್ಲಿ, ಹೆಂಡತಿಗೆ ಕಸಿಯಾಗಿದ್ದರೆ ಗಂಡನೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಸುಲಭವೂ ಸುರಕ್ಷಿತವೂ ಆದ ಮಾರ್ಗ. ಹೊಟ್ಟೆ ಕೊಯ್ಯುವ ಅಗತ್ಯವಿಲ್ಲದ ಈ ಶಸ್ತ್ರಚಿಕಿತ್ಸೆ ಮುಗಿಸಿ ಅದೇ ದಿನ ಮನೆಗೆ ಹೋಗಬಹುದು. ವೀರ್ಯ ಪರೀಕ್ಷೆಯಲ್ಲಿ ಇನ್ನು ಬೀಜಾಣುಗಳಿಲ್ಲವೆಂದು ಖಚಿತವಾಗುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ನಿರೋಧ್ ಬಳಸುವುದನ್ನು ಮುಂದುವರಿಸಬೇಕು. ಈ ಸೇವೆಗಳೆಲ್ಲವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬರುವಾಗ ಕಸಿ ಮಾಡಿದ ಆಸ್ಪತ್ರೆಯ ಚೀಟಿಯನ್ನೂ, ಈಗ ಸೇವಿಸುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ತನ್ನಿ.